ನಾಲ್ಕೂ ಹಸಿರು, ಏಳೂ ಹಸಿರು

"ಮಾವ, ನಿಮ್ಮ ಬೋರ್ಡಲ್ಲಿ ಫೋನ್ ನಂಬರು ತಪ್ಪಾಗೈತೆ."

ಹೋದ ವರ್ಷ ಜುಲೈ ತಿಂಗಳ ಒಂದು ಶನಿವಾರ. ಶ್ರೀರಂಗಪಟ್ಟಣದ ನನ್ನ ಪೇಂಟ್ ಅಂಗಡಿಯ ಮುಂದೆ ನಿಂತು ತಂಗಿಯ ಮಗಳು ಸಿಂಚನ ಹೀಗಂದಳು. ಬೋರ್ಡು ಹಾಕಿಸಿ ಆಗಲೇ ಎರಡು ವರ್ಷ. ಎರಡು ವರ್ಷದಿಂದ ನನ್ನ ಗಿರಾಕಿಗಳು ಇನ್ಯಾರಿಗೋ ಫೋನ್ ಮಾಡುತ್ತಿದ್ದಾರಾ? (ವ್ಯಾಪಾರ ಡಲ್ಲಾಗಿರುವುದಕ್ಕೆ ಕೊನೆಗೂ ಒಂದು ಕಾರಣ ಸಿಕ್ಕಿತಲ್ಲ ಅಂತ ಒಳಗೊಳಗೇ ಸಮಾಧಾನವೂ ಆಯಿತು.)

ಹೊರಗೆ ಬಂದು ಒಂದೊಂದೇ ಅಂಕಿ ಓದಿದೆ. ಎಲ್ಲ ಸರಿಯಾಗಿತ್ತು. ಎಲ್ಲಿ ತಪ್ಪು ಅಂತ ಕೇಳಿದೆ.

"ನಂಬರ್ ಸರಿ ಐತೆ ಮಾವ. ಬಣ್ಣ ತಪ್ಪು. ಎಲ್ಲಾನೂ ಕೆಂಪಲ್ಲಿ ಬರ್ದುಬುಟ್ಟವ್ರೆ. ಎಂಟು ಮಾತ್ರ ಅಲ್ವಾ ಕೆಂಪು?"

ಹಾಲು ಬಿಳಿ ಅಲ್ವಾ ಅಂತ ಕೇಳುವ ಹಾಗೆ ಕೇಳಿದಳು.

ಈ ಅಂಕಣ ಓದುವವರಿಗೆ ನನ್ನ ಕಸುಬು ಗೊತ್ತು. ಇಪ್ಪತ್ತೆಂಟು ವರ್ಷದಿಂದ ಬಣ್ಣ ಮಾರುತ್ತಿದ್ದೇನೆ. ಮೊಸರನ್ನದ ಬಣ್ಣ ಕೊಡಿ ಅಂದವರಿದ್ದಾರೆ. ನಮ್ಮ ವಾರಗಿತ್ತಿ ಮನೆಯ ಕ್ರೀಮಿಗಿಂತ ಒಂದು ತೂಕ ಮೇಲಿರಬೇಕು ಅಂದವರಿದ್ದಾರೆ. ಆದರೆ ಎಂಟು ಅನ್ನುವ ಅಂಕಿಗೆ ಅದರದೇ ಒಂದು ಬಣ್ಣವಿದೆ ಅಂದವರನ್ನು ನೋಡಿದ್ದು ಅವತ್ತೇ ಮೊದಲು.

ಮಕ್ಕಳಾಟ ಅಂದುಕೊಂಡು ನಕ್ಕೆ. ಪಕ್ಕದಲ್ಲಿದ್ದ ತಂಗಿ ಸವಿತ ನಗಲಿಲ್ಲ. ಅವಳ ಕಣ್ಣು ಊದಿಕೊಂಡಿತ್ತು.

ತಾಯಿ ಮಗಳು ಅವತ್ತು ಅರಕೆರೆಯಿಂದ ಬಸ್ಸು ಹತ್ತಿ ಬಂದದ್ದು ನನ್ನ ಬೋರ್ಡು ನೋಡುವುದಕ್ಕಲ್ಲ, ಕಣ್ಣಿನ ಡಾಕ್ಟರನ್ನು ನೋಡುವುದಕ್ಕೆ. ಸಿಂಚನ ಆಗ ಎರಡನೇ ಕ್ಲಾಸು. ಚುರುಕು ಹುಡುಗಿ. ಪದ್ಯ ಒಂದು ಸಲ ಕಿವಿಗೆ ಬಿದ್ದರೆ ಸಾಕು, ಬಾಯಿಗೆ ಬರುತ್ತದೆ. ಲೆಕ್ಕದಲ್ಲಿ ಮಾತ್ರ ಒಂದೇ ಒಂದು ತೊಂದರೆ. ನಾಲ್ಕು ಇರಬೇಕಾದ ಕಡೆ ಏಳು ಬರೆಯುತ್ತಾಳೆ, ಏಳು ಇರಬೇಕಾದ ಕಡೆ ನಾಲ್ಕು. ಮೂರಕ್ಕೆ ಒಂದು ಕೂಡಿಸಿದರೆ ಏಳು. ಬಾಯಲ್ಲಿ ಹದಿನಾಲ್ಕು ಅಂತ ಹೇಳಿಕೊಂಡೇ ಕೈಯಲ್ಲಿ ಹದಿನೇಳು ಬರೆಯುತ್ತಾಳೆ.

ಸ್ಕೂಲಿನ ಮಿಸ್ಸು ಒಂದಷ್ಟು ದಿನ ತಾಳಿಕೊಂಡರಂತೆ. ಆಮೇಲೆ ಸವಿತಳನ್ನು ಕರೆಸಿದರು. ಮೊದಲು ಕಣ್ಣು ತೋರಿಸಿ, ಕಣ್ಣು ಸರಿಯಿದ್ದರೆ ಮೈಸೂರಲ್ಲಿ ಮಕ್ಕಳ ಬುದ್ಧಿ ಪರೀಕ್ಷೆ ಮಾಡುವವರಿದ್ದಾರೆ, ಅಲ್ಲಿಗೆ ಕರೆದುಕೊಂಡು ಹೋಗಿ ಅಂದರು. ಹೀಗೇ ಆದರೆ ಮುಂದಿನ ವರ್ಷವೂ ಎರಡನೇ ಕ್ಲಾಸಲ್ಲೇ ಕೂರಿಸುವುದು ಮಗುವಿಗೇ ಒಳ್ಳೆಯದು ಅಂತಲೂ ಅಂದರು. ಮಿಸ್ಸು ಕೆಟ್ಟವರಲ್ಲ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಂದು ಮಗುವಿನ ತಲೆಯೊಳಗೆ ಇಣುಕಲು ಯಾರಿಗೆ ಪುರಸೊತ್ತಿರುತ್ತದೆ?

ಮನೆಯಲ್ಲಿ ಆಗಲೇ ಮೂರು ಥರದ ವೈದ್ಯ ನಡೆದಿತ್ತು. ಸವಿತಳ ಅತ್ತೆ ಪಾಂಡವಪುರದ ಕಡೆ ಯಾರ ಹತ್ತಿರವೋ ಹೋಗಿ ತಾಯತ ಮಾಡಿಸಿ ಮೊಮ್ಮಗಳ ತೋಳಿಗೆ ಕಟ್ಟಿದ್ದರು. ಸವಿತ ದಿನಾ ಸಂಜೆ ಕೂರಿಸಿಕೊಂಡು ನೂರು ಸಲ ನಾಲ್ಕು, ನೂರು ಸಲ ಏಳು ಬರೆಸುತ್ತಿದ್ದಳು. ಅವಳ ಗಂಡ ಕುಮಾರ, "ಎಲ್ಡು ಬುಟ್ರೆ ತಾನೇ ಸರಿಯಾಯ್ತದೆ" ಅನ್ನುತ್ತಿದ್ದ. ಬರೀ ಅನ್ನುತ್ತಿರಲಿಲ್ಲ, ಎರಡು ಸಲ ಬಿಟ್ಟೂ ಇದ್ದ.

ಡಾಕ್ಟರು ಕಣ್ಣು ಚೆನ್ನಾಗಿದೆ ಅಂದಿದ್ದರು. ಸವಿತಳಿಗೆ ಅದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಕಣ್ಣಿನ ದೋಷವಾಗಿದ್ದರೆ ಕನ್ನಡಕ ಹಾಕಿಸಿ ಮುಗಿಸಬಹುದಿತ್ತು. ಇನ್ನು ಉಳಿದದ್ದು ಮೈಸೂರಿನ ಪರೀಕ್ಷೆ. ಊರಲ್ಲಿ ಆ ಮಾತು ಗೊತ್ತಾದರೆ ಮಗುವಿಗೆ ಒಂದು ಹೆಸರು ಅಂಟಿಕೊಳ್ಳುತ್ತದೆ. ಅದನ್ನು ಯಾವ ಥಿನ್ನರ್ ಹಾಕಿ ತಿಕ್ಕಿದರೂ ಬಿಡಿಸಲಾಗದು ಅಂತ ಅವಳಿಗೆ ಗೊತ್ತಿತ್ತು.

ಅವಳಿಗೆ ಟೀ ತರಿಸಿಕೊಟ್ಟೆ. ಮಗುವನ್ನು ಕೌಂಟರಿನ ಮೇಲೆ ಕೂರಿಸಿ, ಸುಮ್ಮನೆ ಕಾಲಹರಣಕ್ಕೆ, ಎಂಟು ಕೆಂಪಾದರೆ ಮಿಕ್ಕವು ಯಾವ ಬಣ್ಣ ಅಂತ ಕೇಳಿದೆ. ಕೈಗೆ ಶೇಡ್ ಕಾರ್ಡ್ ಕೊಟ್ಟೆ. ಗೊತ್ತಲ್ಲ, ಪೇಂಟ್ ಕಂಪನಿಯವರು ಕೊಡುವ ಪುಸ್ತಕ. ಸಾವಿರಕ್ಕೂ ಮೇಲೆ ಬಣ್ಣದ ಚೌಕಗಳಿರುತ್ತವೆ. ದೊಡ್ಡವರು ಅದನ್ನು ನೋಡಿ ತಲೆ ಕೆಟ್ಟು ಕೊನೆಗೆ ಬಿಳಿಯನ್ನೇ ಕೊಡಿ ಅನ್ನುತ್ತಾರೆ.

ಈ ಹುಡುಗಿ ಹಾಗೆ ಮಾಡಲಿಲ್ಲ. ಒಂದು ಅಂದರೆ ಮಾಸಿದ ಬಿಳಿ. ಎರಡಕ್ಕೆ ಆಕಾಶದ ನೀಲಿಗಳನ್ನೆಲ್ಲ ಬಿಟ್ಟು ಕೊನೆಯ ಸಾಲಿನ ಒಂದು ಮಂಕು ನೀಲಿಗೆ ಬೆರಳಿಟ್ಟಳು. ನಾನು ಪಕ್ಕದ ಚೌಕ ತೋರಿಸಿ ಇದಾ ಅಂದರೆ, ಅಲ್ಲ, ಅದು ಜಾಸ್ತಿ ತೊಳೆದಂಗಿದೆ ಅಂದಳು. ಮೂರು, ಯಾರೂ ಗೋಡೆಗೆ ಹೊಡೆಸದಂಥ ಒಂದು ನೇರಳೆ. ಐದಕ್ಕೆ ಸಾಸಿವೆಯ ಹಳದಿ. ನನ್ನ ಅಂಗಡಿಯಲ್ಲಿ ಇಂಥ ಕಣ್ಣಿರುವ ಕೆಲಸದವರು ಇದುವರೆಗೆ ಸಿಕ್ಕಿಲ್ಲ.

ನಾಲ್ಕಕ್ಕೆ ಒಂದು ಹಸಿರು ತೋರಿಸಿದ್ದಳು, ಎಳೆ ಹುರುಳಿಕಾಯಿಯ ಹಸಿರು. ಏಳು ಬಂದಾಗ ಪುಟ ತಿರುವಲೇ ಇಲ್ಲ. ಬೆರಳು ಅದೇ ಚೌಕದ ಮೇಲೆ ಬಂದು ಕೂತಿತು.

"ಎರಡೂ ಒಂದೇನಾ ಪುಟ್ಟಿ?"

"ಊಂ."

"ಚೂರೂ ವ್ಯತ್ಯಾಸ ಇಲ್ವಾ?"

ಅವಳು ತಲೆ ತಗ್ಗಿಸಿದಳು. ಅಮ್ಮನ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು. "ಅದಕ್ಕೇ ಮಾವ ನಂಗೆ ಗೊತ್ತಾಗಲ್ಲ. ನಾಲ್ಕು ಅಂದ್ರೂ ಹಸ್ರು ಬತ್ತದೆ, ಏಳು ಅಂದ್ರೂ ಹಸ್ರು ಬತ್ತದೆ. ಯಾವ್ದು ಅಂತ ಯಾರ್ನ ಕೇಳ್ಲಿ?"

ಸವಿತ ಟೀ ಲೋಟ ಕೆಳಗಿಟ್ಟಳು.

ಒಂದು ತಿಂಗಳು ಬೈದಿದ್ದೇವೆ, ಬರೆಸಿದ್ದೇವೆ, ತಾಯತ ಕಟ್ಟಿದ್ದೇವೆ, ಹೊಡೆದಿದ್ದೇವೆ. ನಿನಗೆ ಏನು ಕಾಣುತ್ತದೆ ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿದ್ದು ಟೀ ಆರುವವರೆಗೆ ಹೊತ್ತು ಹೋಗಲಿ ಅಂತ.

ಅವಳು ತೋರಿಸಿದ ಶೇಡುಗಳ ನಂಬರನ್ನೆಲ್ಲ ಒಂದು ಹಳೇ ಬಿಲ್ಲಿನ ಹಿಂದೆ ಬರೆದಿಟ್ಟುಕೊಂಡೆ. ಹೊರಡುವಾಗ ಸವಿತ ನನ್ನನ್ನು ಬದಿಗೆ ಕರೆದು, "ಅಣ್ಣ, ಇದ್ನ ಯಾರ್ತಾವೂ ಹೇಳ್ಬ್ಯಾಡ. ಮೊದ್ಲೇ ಬುದ್ಧಿ ಇಲ್ಲ ಅಂತಾವ್ರೆ, ಈಗ ಏನೇನೋ ಕಾಣ್ತದಂತೆ ಅಂದ್ರೆ ಮುಗೀತು" ಅಂದಳು.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಅರಕೆರೆಗೆ ಹೋದಾಗ ಶೇಡ್ ಕಾರ್ಡನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಬಿಲ್ಲು ಜೇಬಿನಲ್ಲೇ ಇತ್ತು. ಮತ್ತೆ ಒಂದರಿಂದ ಒಂಬತ್ತರವರೆಗೆ ಕೇಳಿದೆ. ಒಂಬತ್ತರಲ್ಲಿ ಎಂಟಕ್ಕೆ ಅವವೇ ಚೌಕಗಳು. ಆರಕ್ಕೆ ಮಾತ್ರ ಪಕ್ಕದ ಚೌಕ ತೋರಿಸಿದಳು. ನಾನೇ ನಿನ್ನೆ ಗಿರಾಕಿಗೆ ತೋರಿಸಿದ ಬಣ್ಣ ಇವತ್ತು ಮರೆಯುತ್ತೇನೆ. ಇದು ಮಕ್ಕಳಾಟವಲ್ಲ ಅನ್ನುವುದು ಗಟ್ಟಿಯಾಯಿತು.

ಆದರೆ ಇದು ಏನು?

ಉತ್ತರ ಅಂಗಡಿಗೇ ಬಂತು. ನಾಗಮಂಗಲದ ಕಡೆಯ ಒಬ್ಬ ಮೇಡಂ ಪಟ್ಟಣದಲ್ಲಿ ಮನೆ ಕಟ್ಟಿಸುತ್ತಿದ್ದರು. ಮೈಸೂರಿನ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಲೆಕ್ಚರರ್. ಹಾಲ್‌ಗೆ ಬಣ್ಣ ಆರಿಸಲು ಬಂದವರ ಹತ್ತಿರ, ಯಾರದೋ ಮಗು ಅಂತ ಹೇಳಿ (ತಂಗಿಗೆ ಕೊಟ್ಟ ಮಾತು ಅರ್ಧ ಉಳಿಸಿಕೊಂಡು) ವಿಷಯ ತೆಗೆದೆ. ಅವರು ಹಾಲ್ ಮರೆತು ಸ್ಟೂಲ್ ಎಳೆದುಕೊಂಡು ಕೂತರು.

ಇದಕ್ಕೆ ಸಿನೆಸ್ತೇಸಿಯಾ ಅನ್ನುತ್ತಾರಂತೆ. ಒಂದು ಇಂದ್ರಿಯವನ್ನು ಕರೆದರೆ ಇನ್ನೊಂದು ತಾನೂ ಎದ್ದು ಬರುವುದು. ಕೆಲವರಿಗೆ ಅಕ್ಷರಕ್ಕೆ ಬಣ್ಣ, ಕೆಲವರಿಗೆ ಸದ್ದಿಗೆ ಬಣ್ಣ, ಎಲ್ಲೋ ಕೆಲವರಿಗೆ ಮಾತಿಗೆ ರುಚಿ. ರೋಗವಲ್ಲ. ಬುದ್ಧಿಗೂ ಅದಕ್ಕೂ ಜಗಳವಿಲ್ಲ. ಬಹಳ ಜನಕ್ಕೆ ತಮಗೆ ಅದಿದೆ ಅಂತಲೇ ಗೊತ್ತಿರುವುದಿಲ್ಲ, ಎಲ್ಲರಿಗೂ ಹೀಗೇ ಅಂದುಕೊಂಡಿರುತ್ತಾರೆ.

ಹುಟ್ಟಿನಿಂದ ಬರುತ್ತದಾ, ಕಲಿತು ಬರುತ್ತದಾ ಅಂತ ಕೇಳಿದೆ. ಅವರು ನಕ್ಕರು. ಅದನ್ನೇ ನಾವೂ ಕೇಳಿಕೊಳ್ಳುತ್ತಿರೋದು ಅಂದರು. ಒಲವು ಹುಟ್ಟಿನಿಂದ ಇರಬಹುದು, ಮನೆತನದಲ್ಲಿ ಇಬ್ಬರು ಮೂವರಿಗೆ ಇರುವುದುಂಟು. ಆದರೆ ಯಾವ ಅಂಕಿಗೆ ಯಾವ ಬಣ್ಣ ಅನ್ನುವುದನ್ನು ಹುಟ್ಟುವಾಗ ಯಾರೂ ತಂದಿರುವುದಿಲ್ಲವಲ್ಲ, ಅಂಕಿಯನ್ನೇ ತಂದಿರುವುದಿಲ್ಲ. ಅದು ಎಲ್ಲೋ ಕಂಡದ್ದು ಅಂಟಿಕೊಂಡಿರಬೇಕು. ಆಟದ ಸಾಮಾನಿನಿಂದ, ಚಾರ್ಟಿನಿಂದ, ಪುಸ್ತಕದಿಂದ. ದೊಡ್ಡವರಿಗೂ ಬಣ್ಣದ ಅಕ್ಷರ ಓದಿಸಿ ಓದಿಸಿ ಕಲಿಸಲು ನೋಡಿದವರಿದ್ದಾರೆ, ಸ್ವಲ್ಪ ಹತ್ತುತ್ತದೆ, ಬಿಟ್ಟರೆ ಮಾಸುತ್ತದೆ ಅಂತ ಹೇಳುತ್ತಾರೆ ಅಂದರು. ಕೊನೆಗೆ ಏಳುವಾಗ ಒಂದು ಪ್ರಶ್ನೆ ಕೊಟ್ಟು ಹೋದರು. ಆ ಮಗು ಮೊದಲು ಅಂಕಿ ಕಲಿತದ್ದು ಎಲ್ಲಿ?

ಸವಿತಳಿಗೆ ಫೋನ್ ಮಾಡಿದೆ. ಇನ್ನೆಲ್ಲಿ, ಅಂಗನವಾಡಿಯಲ್ಲಿ ಅಂದಳು. ಅರಕೆರೆಯದ್ದಲ್ಲ. ಕುಮಾರ ನಾಲ್ಕೈದು ವರ್ಷದ ಹಿಂದೆ ಕೆ.ಆರ್. ಪೇಟೆ ತಾಲ್ಲೂಕಲ್ಲಿ, ಹೇಮಗಿರಿ ಹತ್ತಿರದ ಒಂದು ಊರಲ್ಲಿ ಹಾಲಿನ ಡೈರಿ ಕೆಲಸಕ್ಕಿದ್ದ. ಸಂಸಾರ ಅಲ್ಲೇ ಬಾಡಿಗೆ ಮನೆಯಲ್ಲಿತ್ತು.

ದಸರಾ ರಜದಲ್ಲಿ ಒಂದು ಮಂಗಳವಾರ ಅಂಗಡಿ ಮುಚ್ಚಿ ನಾನು, ಸವಿತ, ಸಿಂಚನ ಮೂವರೂ ಹೊರಟೆವು. ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಸಿಂಚನ ಅವುಗಳ ನಂಬರ್ ಪ್ಲೇಟ್ ಓದುತ್ತ ಇದು ಚೆಂದ, ಇದು ಚೆನ್ನಾಗಿಲ್ಲ ಅಂತ ಮಾರ್ಕ್ಸ್ ಕೊಡುತ್ತಿದ್ದಳು.

ಅಂಗನವಾಡಿಯ ಟೀಚರ್ ಜಯಮ್ಮ ನಮಗಾಗಿ ಕಾಯುತ್ತಿದ್ದರು. ಐವತ್ತು ದಾಟಿದ ಹೆಂಗಸು. ಸಿಂಚನಳನ್ನು ನೋಡಿದ ಕೂಡಲೇ ತಬ್ಬಿಕೊಂಡು, ಎಷ್ಟುದ್ದ ಆಗ್ಬುಟ್ಟವ್ಳೆ ಅಂದರು. ಬೀಗ ತೆಗೆದರು. ಒಳಗೆ ಅರೆಗತ್ತಲು. ಕಿಟಕಿ ತೆಗೆದಾಗ ಎದುರಿನ ಗೋಡೆ ಕಂಡಿತು.

ಒಂದರಿಂದ ಹತ್ತರವರೆಗೆ, ಮಗುವಿನ ಎತ್ತರಕ್ಕೆ, ಮೊಳದುದ್ದದ ಅಂಕಿಗಳು. ಆಯಿಲ್ ಪೇಂಟು. ಐದು ವರ್ಷ ಮಕ್ಕಳ ಕೈ ಸವರಿ ಸವರಿ ಮಾಸಿದ್ದವು. ಒಂದು ಬಿಳಿ. ಎರಡು ಮಂಕು ನೀಲಿ. ಮೂರು ಆ ನೇರಳೆ. ನಾಲ್ಕು ಹುರುಳಿಕಾಯಿ ಹಸಿರು.

ಏಳೂ ಅದೇ ಹಸಿರು.

ಜೇಬಿನಿಂದ ಬಿಲ್ಲು ತೆಗೆದು ಶೇಡ್ ಕಾರ್ಡನ್ನು ಗೋಡೆಗೆ ಹಿಡಿದು ನೋಡುತ್ತ ಹೋದೆ. ಒಂದೆರಡು ಕಡೆ ಕೂದಲೆಳೆಯ ವ್ಯತ್ಯಾಸ, ಮಿಕ್ಕಂತೆ ಅವೇ ಬಣ್ಣ. ಸಿಂಚನ ಮಾತ್ರ ಅಚ್ಚರಿಪಡಲಿಲ್ಲ. ಬಂದು ಗೋಡೆಯ ಏಳನ್ನು ಬೆರಳಲ್ಲಿ ತಿದ್ದಿದಳು, ಮೇಲಿನ ಅಡ್ಡಗೆರೆಯಿಂದ ಕೆಳಗಿನವರೆಗೆ.

ಏಳಕ್ಕೂ ಹಸಿರು ಯಾಕೆ ಹೊಡೆದಿರಿ ಅಂತ ಸವಿತ ಜಯಮ್ಮನನ್ನು ಕೇಳಿದಳು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ನೆನಪು ಮಾಡಿಕೊಂಡರು. ಏಳಕ್ಕೆ ಕೇಸರಿ ಹೊಡೆಯಬೇಕು ಅಂತಲೇ ಇತ್ತಂತೆ. ಡಬ್ಬ ತೆಗೆದರೆ ಒಳಗೆ ಬಣ್ಣ ಕೆನೆಗಟ್ಟಿ ಕಲ್ಲಾಗಿತ್ತು. ಹಸಿರು ಮಿಕ್ಕಿತ್ತು. ಅದನ್ನೇ ಹೊಡೆದು ಮುಗಿಸಿದರು.

"ಬಣ್ಣಕ್ಕೆ ನಾವೆಲ್ಲಿ ಹೋಗಾನ ಅಣ್ಣ? ಯಾರೋ ಪಟ್ಣದವ್ರು ಒಂದು ಬಾಕ್ಸ್ ಕಳಿಸಿದ್ರು, ನಮ್ಮ ಸವಿತಮ್ಮಾರ ಕಡೇವ್ರು."

ಸವಿತ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ಪ್ರತಿ ಪೇಂಟ್ ಅಂಗಡಿಯಲ್ಲೂ ಒಂದು ಮೂಲೆ ಇರುತ್ತದೆ. ಮೆಷೀನಲ್ಲಿ ಮಿಕ್ಸ್ ಮಾಡುವಾಗ ಎಡವಟ್ಟಾಗಿ, ಇದು ನಾವು ಕೇಳಿದ ಬಣ್ಣ ಅಲ್ಲ ಅಂತ ಗಿರಾಕಿ ಬಿಟ್ಟುಹೋದ ಡಬ್ಬಗಳ ಮೂಲೆ. ಯಾರೂ ಕೊಳ್ಳದ ನೇರಳೆ, ಯಾರಿಗೂ ಬೇಡದ ಸಾಸಿವೆ ಹಳದಿ. ಐದು ವರ್ಷದ ಹಿಂದೆ ಆ ಮೂಲೆ ಖಾಲಿ ಮಾಡಬೇಕಾಗಿತ್ತು. ಸವಿತ ಅಂಗನವಾಡಿಗೆ ಬಣ್ಣ ಬೇಕಂತೆ ಅಂದಿದ್ದಳು. ಎಲ್ಲವನ್ನೂ ಒಂದು ಬಾಕ್ಸಿಗೆ ತುಂಬಿ ಕಳಿಸಿದ್ದೆ. ದಾನ ಮಾಡಿದೆ ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ. ಮುಚ್ಚಳ ಸರಿಯಾಗಿದೆಯಾ ಅಂತ ನೋಡುವಷ್ಟು ಪುರಸೊತ್ತು ಮಾತ್ರ ಇರಲಿಲ್ಲ.

ನಾನು ತಳ್ಳಿಹಾಕಿದ ಬಣ್ಣಗಳು ನನ್ನ ಸೋದರ ಸೊಸೆಯ ತಲೆಯೊಳಗೆ ಅಂಕಿಗಳಾಗಿ ಕೂತಿದ್ದವು. ನಾನು ನೋಡದೆ ಬಿಟ್ಟ ಒಂದು ಮುಚ್ಚಳಕ್ಕೆ ಅವಳು ಪೆಟ್ಟು ತಿಂದಿದ್ದಳು.

ಇದನ್ನೆಲ್ಲ ಜಯಮ್ಮನಿಗೆ ವಿವರವಾಗಿ ಹೇಳಿದೆ. ಅವರು ನನಗೂ ಮೇಡಂಗೂ ಹೊಳೆಯದ ಪ್ರಶ್ನೆ ಕೇಳಿದರು.

"ಮೂವತ್ತು ಮಕ್ಳು ಇದೇ ಗೋಡೆ ನೋಡ್ಕಂಡು ಅಂಕಿ ಕಲ್ತವ್ರೆ. ಅವ್ರ್ಯಾರಿಗೂ ಅಂಗಾಗ್ಲಿಲ್ವಲ್ಲ?"

ಹೌದಲ್ಲ. ಗೋಡೆ ಒಂದೇ, ಬಣ್ಣ ಒಂದೇ, ಜಯಮ್ಮನ ಪಾಠವೂ ಒಂದೇ. ಇವಳೊಬ್ಬಳಿಗೆ ಮಾತ್ರ ಯಾಕೆ ಹತ್ತಿತು? ಅಥವಾ ಆ ಮೂವತ್ತರಲ್ಲಿ ಇನ್ನೂ ಒಬ್ಬರಿಗೋ ಇಬ್ಬರಿಗೋ ಹತ್ತಿದೆ, ಅವರೂ ಯಾವುದೋ ಸ್ಕೂಲಲ್ಲಿ ನಾಲ್ಕನ್ನು ಏಳು ಬರೆದು ಬೈಸಿಕೊಳ್ಳುತ್ತಿದ್ದಾರಾ? ಜಯಮ್ಮ ಅವತ್ತೇ ಸಂಜೆ ನಾಲ್ಕಾರು ಮನೆಗೆ ಹೋಗಿ ವಿಚಾರಿಸಿದರಂತೆ. ಹಾಗೆ ಅಂದವರು ಯಾರೂ ಸಿಗಲಿಲ್ಲ.

ಮೇಡಂಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಈ ಸಲ ಯಾರ ಮಗು ಅಂತಲೂ ಹೇಳಿದೆ. ಗೋಡೆಯಿಂದ ಕಲಿತ ಬಣ್ಣವನ್ನು ಇನ್ನೊಂದು ಗೋಡೆಯಿಂದ ತಿದ್ದಬಹುದಾ ಅಂತ ಕೇಳಿದೆ. ಗೊತ್ತಿಲ್ಲ ಅಂದರು. ಒಮ್ಮೆ ಕೂತ ಬಣ್ಣ ಸುಲಭಕ್ಕೆ ಏಳುವುದಿಲ್ಲ, ಆದರೆ ಚಿಕ್ಕ ವಯಸ್ಸು, ಆಟದ ಹಾಗೆ ಮಾಡಿ, ಮಗುವನ್ನು ಪರೀಕ್ಷೆ ಮಾಡಬೇಡಿ, ಆಗದಿದ್ದರೂ ನಷ್ಟವಿಲ್ಲ ಅಂದರು. ಮೊದಲು ಹೋಗಿ ಆ ಮಿಸ್ಸನ್ನು ನೋಡಿ ಅಂತಲೂ ಹೇಳಿದರು.

ಮಿಸ್ಸು ನಗುತ್ತಾರೆ ಅಂತ ಹೆದರಿಕೊಂಡೇ ನಾನೂ ಸವಿತಳೂ ಸ್ಕೂಲಿಗೆ ಹೋದೆವು. ಅವರು ನಗಲಿಲ್ಲ. ಪೂರ್ತಿ ಕೇಳಿ, ಸಿಂಚನಳನ್ನು ಕರೆದು, ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಏಳು ಬರುವ ಕಡೆಯಲ್ಲೆಲ್ಲ ಕೇಸರಿ ಚಾಕ್‌ಪೀಸು. ಅವಳು ಮಾಡಿದಳು. ಇನ್ನೊಂದು ಬರೆದರು. ಅದನ್ನೂ ಮಾಡಿದಳು. ಮಿಸ್ಸು ಚಾಕ್‌ಪೀಸ್ ಕೈಯಲ್ಲೇ ಹಿಡಿದುಕೊಂಡು, ನಾನು ಇವಳನ್ನ ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದೀನಿ ಅಂದರು. ಮೈಸೂರಿನ ಮಾತು ಅವತ್ತಿಗೆ ನಿಂತಿತು. ಆದರೆ ವರ್ಷದ ಕೊನೆಯ ಪರೀಕ್ಷೆಯ ಪೇಪರು ಕಪ್ಪು ಬಿಳುಪಲ್ಲೇ ಇರುತ್ತದೆ, ಅಷ್ಟರೊಳಗೆ ಏನಾದರೂ ದಾರಿ ನೋಡಬೇಕು ಅಂದರು.

ನವೆಂಬರಿನ ಒಂದು ಭಾನುವಾರ ಜಯಮ್ಮ ಎರಡು ಬಸ್ಸು ಬದಲಾಯಿಸಿಕೊಂಡು ಅರಕೆರೆಗೆ ಬಂದರು. ನಾನು ಪೇಂಟರ್ ಕಳಿಸುತ್ತೇನೆ ಅಂದಿದ್ದೆ. ಅವರು ಒಪ್ಪಿರಲಿಲ್ಲ. "ಆ ಏಳು ಬರ್ದಿದ್ದು ನಾನು. ಇದ್ನೂ ನಾನೇ ಬರೀತೀನಿ" ಅಂದಿದ್ದರು.

ನಾನು ಕೇಸರಿ ಬಣ್ಣದ ಹೊಸ ಡಬ್ಬ ತಂದಿದ್ದೆ. (ಮುಚ್ಚಳವನ್ನು ಮೂರು ಸಲ ನೋಡಿದ್ದೆ.) ಸಿಂಚನ ಮಲಗುವ ಕೋಣೆಯ ಗೋಡೆಯಲ್ಲಿ, ಅವಳು ಕಣ್ಣು ಬಿಟ್ಟರೆ ಕಾಣುವ ಜಾಗದಲ್ಲಿ, ಜಯಮ್ಮ ಅವಳ ಕೈಗೆ ಬ್ರಶ್ಶು ಕೊಟ್ಟು, ಆ ಕೈಯ ಮೇಲೆ ತಮ್ಮ ಕೈಯಿಟ್ಟು ಎಳೆದರು. ಆಳೆತ್ತರದ ಏಳು. ಸವಿತಳ ಅತ್ತೆ ಬಾಗಿಲಲ್ಲಿ ನಿಂತು, ಒಳ್ಳೆ ಗೋಡೆ ಕೆಡಿಸಿದರು ಅಂತ ಗೊಣಗಿದರು.

ಕುಮಾರ ಬೆಳಗಿನಿಂದ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಹೊರಗೆ ಜಗಲಿಯ ಮೇಲೆ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನಿಗೆ ಇದೆಲ್ಲ ಹುಚ್ಚಾಟ ಅನ್ನಿಸುತ್ತಿರಬೇಕು ಅಂದುಕೊಂಡು ಸಮಾಧಾನ ಹೇಳಲು ಬಾಯಿ ತೆಗೆದೆ. ಅವನು ನನಗಿಂತ ಮೊದಲು ಮಾತಾಡಿದ.

"ಭಾವ, ಸುಕ್ರವಾರ ಅರಿಶಿನ ಅಲ್ವಾ?"

ಅರ್ಥವಾಗಲಿಲ್ಲ. ಅವನು ಅಂಗಳ ನೋಡುತ್ತಲೇ ಮುಂದುವರಿಸಿದ. ಅವನಿಗೆ ವಾರಗಳಿಗೆ ಬಣ್ಣವಿದೆಯಂತೆ. ಶುಕ್ರವಾರ ಅರಿಶಿನ. ಸೋಮವಾರ ಬೂದಿ. ಬುಧವಾರ ಬಂದರೆ ಕಣ್ಣಿನೊಳಗೆ ಒಂದು ತಂಪು ನೀಲಿ. ಚಿಕ್ಕವನಿದ್ದಾಗ ಎಲ್ಲರಿಗೂ ಹೀಗೇ ಅಂದುಕೊಂಡಿದ್ದ. ಮೂರನೇ ಕ್ಲಾಸಲ್ಲಿ ಒಂದು ದಿನ ಮನೆಯಲ್ಲಿ ಹೇಳಿದ.

"ನಮ್ಮಪ್ಪ ಬಾಸುಂಡೆ ಬರಂಗೆ ಹೊಡ್ದ ಭಾವ. ಹುಚ್ಚುಹುಚ್ಚಾಗಿ ಮಾತಾಡ್ತಾನೆ, ಮಾನ ಕಳೀತಾನೆ ಅಂತ. ಅವತ್ತಿಂದ ಯಾರ್ತಾವೂ ಹೇಳಿಲ್ಲ. ಸವಿತಂಗೂ ಹೇಳಿಲ್ಲ."

ಈಗಲೂ ಕಾಣುತ್ತದಾ ಅಂತ ಕೇಳಿದೆ.

"ಇವತ್ತು ಬೆಳಿಗ್ಗೆನೂ ಕಾಣ್ತು" ಅಂದ. ಒಳಗೆ ಮಗಳ ಕಡೆ ನೋಡಿ, "ನಾನೂ ಅವ್ಳಿಗೆ ಅದ್ನೇ ಮಾಡ್ಬುಟ್ಟೆ ಕಣ್ ಭಾವ" ಅಂದ. ಕಣ್ಣು ಒರೆಸಿಕೊಳ್ಳಲಿಲ್ಲ, ಎದ್ದು ಕೊಟ್ಟಿಗೆ ಕಡೆ ಹೋದ.

ಅರ್ಧ ಗಂಟೆಯಾದ ಮೇಲೆ ಒಳಗೆ ನೋಡಿದರೆ ಅವನು ಮಗಳ ಪಕ್ಕ ನೆಲದ ಮೇಲೆ ಕೂತಿದ್ದ. ಬಣ್ಣ ಒಣಗುವುದನ್ನು ಇಬ್ಬರೂ ನೋಡುತ್ತಿದ್ದರು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಸಿಂಚನ ಮಾತ್ರ ಆಮೇಲೆ ನನ್ನ ಹತ್ತಿರ ಓಡಿಬಂದು, "ಮಾವ, ಅಪ್ಪಂಗೂ ಐತಂತೆ" ಅಂದಳು. ಲಾಟರಿ ಹೊಡೆದವಳ ಮುಖ ಹಾಗಿರುತ್ತದೆ.

ಒಂದು ಯೋಚನೆ ಬಂತು. ಅವನ ಅವ್ವ ಪ್ರತಿ ಶುಕ್ರವಾರ ಹೊಸ್ತಿಲಿಗೆ ಅರಿಶಿನ ಹಚ್ಚುತ್ತಾರೆ, ಇವತ್ತಿಗೂ. ಸೋಮವಾರ ಅಂದರೆ ವಿಭೂತಿ ಇರಬಹುದು. ಅಪ್ಪನಿಗೆ ಹೊಸ್ತಿಲು ಕಲಿಸಿತು, ಮಗಳಿಗೆ ಗೋಡೆ ಕಲಿಸಿತು ಅಂತಿಟ್ಟುಕೊಳ್ಳೋಣ. ಹಾಗಾದರೆ ಬುಧವಾರದ ನೀಲಿ ಎಲ್ಲಿಂದ ಬಂತು? ಅವನಿಗೇ ಗೊತ್ತಿಲ್ಲ.

ನಾನೂ ಒಂದು ಕೈ ನೋಡಿದೆ ಅಂತ ಒಪ್ಪಿಕೊಳ್ಳಬೇಕು. ಅನುಭವದಿಂದ ಬರುವುದಾದರೆ ಇಪ್ಪತ್ತೆಂಟು ವರ್ಷ ಬಣ್ಣದಲ್ಲಿ ಮುಳುಗಿದವನಿಗೆ ಬರಬಾರದೇಕೆ? ಸ್ಕೆಚ್ ಪೆನ್ ಡಬ್ಬ ತಂದು, ಮೂರು ತಿಂಗಳು ಕೌಂಟರಿನಲ್ಲಿ ಬರೆಯುವ ಅಂಕಿಗಳನ್ನೆಲ್ಲ ಸಿಂಚನಳ ಬಣ್ಣದಲ್ಲೇ ಬರೆದೆ. ಗಿರಾಕಿಗಳು ನನ್ನ ಬಿಲ್ ನೋಡಿ ಏನಾದರೂ ಆಫರ್ ಇದೆಯಾ ಅಂತ ಕೇಳಿದರು. ನನ್ನ ಹೆಂಡತಿ, ಐವತ್ತರ ಮೇಲೆ ಬಣ್ಣ ಕಾಣಲು ಶುರುವಾದರೆ ಅದಕ್ಕೆ ಬೇರೆ ಹೆಸರಿದೆ ಅಂದಳು.

ಒಂದು ಸಲ ಬಸ್ಸಿನ ಹಿಂದೆ ಎಂಟು ಅಂತ ಬರೆದದ್ದು ಕಂಡಾಗ ಕೆಂಪು ಸುಳಿದ ಹಾಗಾಯಿತು. ಕಂಡಿತಾ, ನೆನಪಾಯಿತಾ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಸ್ಕೆಚ್ ಪೆನ್ ಒಣಗಿದ ಮೇಲೆ ಅದೂ ಹೋಯಿತು. ಮೇಡಂ ಹೇಳಿದ ಹಾಗೇ, ಬಿಟ್ಟರೆ ಮಾಸುತ್ತದೆ.

ಸಿಂಚನಳಿಗೆ ಏನಾಯಿತು?

ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು. ಮೇಡಂ ಹೇಳಿದಂತೆ ಯಾರೂ ಅವಳನ್ನು ಕೇಳಲಿಲ್ಲ. ಕುಮಾರ ದಿನಾ ಸಂಜೆ ಡೈರಿಗೆ ಹಾಲು ಹಾಕಿ ಬಂದು ಮಗಳ ಜೊತೆ ಏಳರ ಆಟ ಆಡುತ್ತಿದ್ದ. ಏಳು ಚೆಂಡುಹೂ, ಏಳು ಕ್ಯಾರೆಟ್ ಬಿಲ್ಲೆ, ಏಳು ಕಿತ್ತಳೆ ತೊಳೆ. ಮಗು ನೋಟ್‌ಬುಕ್ಕಿನಲ್ಲಿ ತಪ್ಪುವುದು ಕಡಿಮೆಯಾಯಿತು ಅಂತ ಮಿಸ್ಸು ಹೇಳಿಕಳಿಸಿದರು. ಆದರೆ ಒಳಗೆ ಬಣ್ಣ ಬದಲಾಯಿತಾ, ಅವಳು ಉಪಾಯ ಕಲಿತಳಾ ಅಂತ ಯಾರಿಗೂ ತಿಳಿಯದು.

ಸಂಕ್ರಾಂತಿಗೆ ಎಳ್ಳು ಬೆಲ್ಲ ತಂದುಕೊಟ್ಟು ಅವಳೇ ಹೇಳಿದಳು.

"ಮಾವ, ಏಳು ಇನ್ನೂ ಹಸ್ರೇ ಐತೆ."

ನನಗೆ ಪಿಚ್ಚೆನಿಸಿತು. ಹೋಗಲಿ ಬಿಡು ಪುಟ್ಟಿ ಅಂದೆ.

"ಅಂಗಲ್ಲ ಮಾವ. ಹಸ್ರೇ, ಆದ್ರೆ ಅದಕ್ಕೀಗ ಅಂಚು ಬಂದೈತೆ. ಅಮ್ಮನ ಸೀರೇಗೆ ಇರ್ತದಲ್ಲ, ಅಂಗೆ, ಕೇಸರಿ ಅಂಚು. ನಾಲ್ಕಕ್ಕೆ ಅಂಚಿಲ್ಲ."

ಹಸಿರು ಒಡಲು, ಕೇಸರಿ ಅಂಚು. ನಾವ್ಯಾರೂ ಅವಳಿಗೆ ಇಂಥದ್ದನ್ನು ತೋರಿಸಿರಲಿಲ್ಲ. ನಾವು ಹಸಿರು ಅಳಿಸಿ ಕೇಸರಿ ತುಂಬಲು ಹೊರಟಿದ್ದೆವು. ಅವಳ ತಲೆ ಹಳೆಯದನ್ನು ಬಿಟ್ಟುಕೊಡಲಿಲ್ಲ, ಹೊಸದನ್ನು ಬೇಡವೆನ್ನಲೂ ಇಲ್ಲ. ತನಗೆ ಬೇಕಾದ ಹಾಗೆ ನೇಯ್ದುಕೊಂಡಿತು. ಮೇಡಂಗೆ ಫೋನಿನಲ್ಲಿ ಹೇಳಿದೆ. ಆ ಮಗುವನ್ನು ಒಮ್ಮೆ ಕರೆದುಕೊಂಡು ಬನ್ನಿ, ಪರೀಕ್ಷೆಗಲ್ಲ, ಊಟಕ್ಕೆ ಅಂದರು.

ಹೋದ ವಾರ ರಿಸಲ್ಟ್ ಬಂತು. ಸಿಂಚನ ಮೂರನೇ ಕ್ಲಾಸಿಗೆ ಪಾಸು, ತನ್ನ ಗೆಳತಿಯರ ಜೊತೆಯಲ್ಲೇ. ಲೆಕ್ಕದ ಪೇಪರಲ್ಲಿ ಎರಡು ಕಡೆ ನಾಲ್ಕರ ಬದಲು ಏಳು ಬರೆದಿದ್ದಳಂತೆ, ಎರಡನ್ನೂ ತಾನೇ ಕಂಡುಹಿಡಿದು ತಿದ್ದಿದ್ದಳಂತೆ. ಅಜ್ಜಿ ಎಲ್ಲ ತಾಯತದ ಮಹಿಮೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು. ಯಾರೂ ಎದುರಾಡಲಿಲ್ಲ. ಜಯಮ್ಮ ತಮ್ಮ ಅಂಗನವಾಡಿಯ ಗೋಡೆಗೆ ಹೊಸ ಬಣ್ಣ ಕೇಳಿದ್ದಾರೆ. ಹತ್ತು ಅಂಕಿಗೆ ಹತ್ತು ಬೇರೆ ಬೇರೆ ಬಣ್ಣ, ಎಲ್ಲ ಹೊಸ ಡಬ್ಬ. ಕಳಿಸಿದ್ದೇನೆ.

ಇದನ್ನು ಬರೆಯಲಾ ಅಂತ ಸವಿತಳನ್ನು ಕೇಳಿದೆ. ಹೆಸರು ಬದಲಾಯಿಸಿದರೆ ಬರಿ ಅಂದಳು. ಬದಲಾಯಿಸಿದ್ದೇನೆ. ಕುಮಾರನನ್ನು ಕೇಳಿದಾಗ ಅವನು ಮಗಳ ಜೊತೆ ಜಗಳದಲ್ಲಿದ್ದ. ಗುರುವಾರ ಕಂದು ಅಂತ ಅವನು, ಛೆ ಅಪ್ಪ, ವಾರಕ್ಕೆಲ್ಲ ಬಣ್ಣ ಇರಲ್ಲ, ಅಂಕಿಗೆ ಮಾತ್ರ ಅಂತ ಅವಳು. ಬರ್ಕಳಿ ಭಾವ ಅಂತ ಕೈ ಬೀಸಿದ.

ಓದುಗರಲ್ಲಿ ಯಾರಾದರೂ ಕೇಳಬಹುದು, ಕೊನೆಗೂ ಇದು ಕಲಿತರೆ ಬರುತ್ತದಾ ಇಲ್ಲವಾ? ನನಗೆ ಬರಲಿಲ್ಲ, ಸಿಂಚನಳಿಗೆ ಒಂದು ಅಂಚಿನಷ್ಟು ಬಂತು, ಮೂವತ್ತು ಮಕ್ಕಳಿಗೆ ಯಾಕೆ ಬರಲಿಲ್ಲ ಅಂತ ಯಾರಿಗೂ ಗೊತ್ತಿಲ್ಲ.

ಕಲಿಸಿದರೆ ಬರುತ್ತದೋ ಏನೋ ನಾನು ಹೇಳಲಾರೆ, ಹೊಡೆದರೆ ಹೋಗುವುದಿಲ್ಲ ಅನ್ನುವುದನ್ನು ಮಾತ್ರ ಆಣೆಯಿಟ್ಟು ಹೇಳಬಲ್ಲೆ.